ಹಳೆಯ ಬಾಗಿಲು, ಹೊಸ ಒಕ್ಕಲು

ಒಂದೇ ಕಂಪ್ಯೂಟರಿನಲ್ಲಿ ಎರಡು ವ್ಯವಸ್ಥೆಗಳನ್ನು ಇರಿಸಿಕೊಳ್ಳುವ ಕ್ರಮ

ಮಹದೇವಪುರದ ಬೀದಿಗಳಲ್ಲಿ ಸಂಚರಿಸಿದವರು ಅಲ್ಲಿಯ ಮನೆಗಳ ಒಂದು ವಿಶೇಷವನ್ನು ಕಂಡಿರಬಹುದು. ೧೯೪೮ರಲ್ಲಿ ಸಮೀಪದ ದೂರವಾಣಿನಗರದಲ್ಲಿ ಟೆಲಿಫೋನ್ ಕಾರ್ಖಾನೆಯು ಸ್ಥಾಪಿತವಾಯಿತು. ೧೯೯೦ರ ದಶಕದಲ್ಲಿ ವೈಟ್‌ಫೀಲ್ಡಿನ ಕಡೆಗೆ ಟೆಕ್ ಪಾರ್ಕು ಎದ್ದಿತು. ೨೦೨೩ರಲ್ಲಿ ಮೆಟ್ರೋ ರೈಲೂ ಬಂದಿತು. ಒಂದೊಂದರ ಹಿಂದೆಯೂ ಜನ ಬಂದರು. ಬಂದ ಜನಕ್ಕೆ ಇರಲು ಮನೆ ಬೇಕಷ್ಟೆ. ಆದುದರಿಂದ ಊರಿನವರು ತಮ್ಮ ಮನೆಗಳ ಮೇಲೆ ಒಂದಂತಸ್ತು, ಅದರ ಮೇಲೆ ಮತ್ತೊಂದಂತಸ್ತು ಕಟ್ಟಿ ಬಾಡಿಗೆಗೆ ಕೊಡತೊಡಗಿದರು.

ಹೀಗೆ ಕಟ್ಟಿದವರಲ್ಲಿ ವಿವೇಕಿಯಾದ ಗೃಹಸ್ಥನು ಮೇಲಕ್ಕೆ ಮೆಟ್ಟಿಲನ್ನು ಹೊರಗಿನ ಅಂಗಳದಿಂದಲೇ ಏರಿಸಿದನು. ತನ್ನ ಹಿರಿಯರು ಇರಿಸಿದ ಹೊಸ್ತಿಲನ್ನಾಗಲಿ ತಲೆಬಾಗಿಲನ್ನಾಗಲಿ ಮುಟ್ಟಲಿಲ್ಲ. ಒಕ್ಕಲು ಬಂದರೂ ಹೋದರೂ ಕೆಳಗಿನ ಸಂಸಾರವು ಎಂದಿನಂತೆ ನಡೆಯಿತು. ಅವಸರಪಟ್ಟವನಾದರೋ, ನಡುಮನೆಯ ಗೋಡೆಯನ್ನು ಒಡೆದು ಒಳಗಿನಿಂದ ಮೆಟ್ಟಿಲೇರಿಸಿ, ತಲೆಬಾಗಿಲಿನ ಬೀಗದ ಕೈಯನ್ನು ಬಾಡಿಗೆಯವನಿಗೆ ಒಪ್ಪಿಸಿ, ಅವನು ಊರು ಬಿಟ್ಟ ದಿನ ತನ್ನ ಮನೆಯ ಮುಂದೆ ತಾನೇ ಪರದೇಶಿಯಂತೆ ನಿಲ್ಲಬೇಕಾಯಿತು.

ಕಂಪ್ಯೂಟರಿನ ವಿಷಯದಲ್ಲಿ ನಾವು ಮೊದಲು ಅವಸರದವನಂತೆ ನಡೆದು ಪೆಟ್ಟು ತಿಂದೆವು. ಬಹುಕಾಲದ ಮೇಲೆ ವಿವೇಕಿಯಂತೆ ನಡೆದು ನೆಮ್ಮದಿಯಾಗಿದ್ದೇವೆ. ಎರಡನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಈ ಮಾತಿಗೆ ಈಗ ವಿಶೇಷವಾದ ಕಾರಣವೂ ಉಂಟು. ಮನೆಮನೆಗಳಲ್ಲಿ ಹತ್ತು ವರುಷ ನಡೆದ ವಿಂಡೋಸ್ ೧೦ ಎಂಬ ಆಪರೇಟಿಂಗ್ ಸಿಸ್ಟಮಿಗೆ ಅದರ ಕಂಪನಿಯು ಕೊಡುತ್ತಿದ್ದ ಸಾಮಾನ್ಯ ರಕ್ಷಣೆಯು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಅದರ ಮುಂದಿನದಾದ ವಿಂಡೋಸ್ ೧೧, ಟಿ.ಪಿ.ಎಂ. ೨.೦ ಎಂಬ ರಕ್ಷಣೆಯ ಏರ್ಪಾಟನ್ನೂ, ಕಂಪನಿಯು ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರನ್ನೂ ಬೇಡುವುದು. ೨೦೧೬ರಲ್ಲಿ ಕೊಂಡ ನಮ್ಮ ಲ್ಯಾಪ್‌ಟಾಪಿನಲ್ಲಿರುವುದು ಆರನೆಯ ತಲೆಮಾರಿನ ಇಂಟೆಲ್ ಪ್ರೊಸೆಸರು. ಅದು ಆ ಪಟ್ಟಿಯಲ್ಲಿಲ್ಲ. ಯಂತ್ರವು ಗಟ್ಟಿಮುಟ್ಟಾಗಿರುವಾಗ ಅದನ್ನು ಗುಜರಿಗೆ ಹಾಕಲು ಯಾವ ಗೃಹಸ್ಥನಿಗೆ ಮನಸ್ಸು ಬಂದೀತು? ಇಂಥ ಯಂತ್ರಕ್ಕೆ ಮತ್ತೊಂದು ಆಯುಷ್ಯವನ್ನು ಕೊಡಬಲ್ಲದು ಲಿನಕ್ಸ್. ೧೯೯೧ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಇದನ್ನು ಇಂದು ಉಬುಂಟು ಮೊದಲಾದ ಹಲವು ರೂಪಗಳಲ್ಲಿ ಬೆಲೆಯಿಲ್ಲದೆ ಪಡೆಯಬಹುದು.

ಹಾಗಾದರೆ ವಿಂಡೋಸನ್ನು ತೆಗೆದೇಬಿಡಬಾರದೇಕೆ? ಕನ್ನಡದ ಮನೆಗಳಲ್ಲಿ ಅದು ಸುಲಭವಲ್ಲ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯು ವಿಂಡೋಸಿಗಾಗಿ ರಚಿತವಾದುದು, ಅದರ ಹಳೆಯ ಅಕ್ಷರಗಳಲ್ಲಿ ಬರೆದ ಕಡತಗಳನ್ನು ಬೇರೆಡೆ ತೆರೆದರೆ ಅರ್ಥವಿಲ್ಲದ ಗೀಟುಗಳು ಕಾಣುವುವು. ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಇಟ್ಟವರ ಸ್ಥಿತಿಯೂ ಹೀಗೆಯೇ. ಆದುದರಿಂದ ಹಳೆಯದು ಇರಬೇಕು, ಹೊಸದೂ ಬರಬೇಕು.

ನಾವು ಪಾಠ ಕಲಿತ ಬಗೆ

೨೦೧೧ರ ಬೇಸಗೆಯ ಮಾತು. ಎಂಜಿನಿಯರಿಂಗ್ ಓದುತ್ತಿದ್ದ ನಮ್ಮ ಸೋದರಳಿಯನು ರಜಕ್ಕೆ ಬಂದವನು ಮನೆಯ ಕಂಪ್ಯೂಟರಿನಲ್ಲಿ ಲಿನಕ್ಸನ್ನು ಹಾಕಿದನು. ಅಲ್ಲಿಂದ ಮುಂದೆ ಯಂತ್ರವನ್ನು ಹೊತ್ತಿಸಿದರೆ ಮೊದಲು ಕಪ್ಪು ಹಲಗೆಯಂಥ ಒಂದು ಪಟ್ಟಿ ಬರುವುದು. ಅದರಲ್ಲಿ ಕೆಳಗಿನ ಸಾಲಿಗೆ ಇಳಿದರೆ ಹಳೆಯ ವಿಂಡೋಸು. ಎರಡು ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು. ಹುಡುಗನು ಕಾಲೇಜಿಗೆ ಮರಳಿದ ಮೇಲೆ ಅವನ ಲಿನಕ್ಸನ್ನು ಕೇಳುವವರಿರಲಿಲ್ಲ. ಜಾಗವು ಸಾಲದೆಂದು ನಾವೇ ಆ ಭಾಗವನ್ನು ಅಳಿಸಿಬಿಟ್ಟೆವು. ಮಾರನೆಯ ಬೆಳಗ್ಗೆ ಯಂತ್ರವು ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಮಾತುಗಳನ್ನು ತೋರಿಸಿ ನಿಂತಿತು. ವಿಂಡೋಸೂ ಇಲ್ಲ, ಲಿನಕ್ಸೂ ಇಲ್ಲ.

ಆ ಯಂತ್ರದಲ್ಲಿ ನಮ್ಮ ತಂದೆಯವರ ಬರಹವಿದ್ದಿತು. ಟೆಕ್ ಪಾರ್ಕು ಬರುವುದಕ್ಕೆ ಮುಂಚಿನ ಊರು ಹೇಗಿದ್ದಿತೆಂಬುದನ್ನು ಅವರು ಎರಡು ವರುಷ ಸಂಜೆಸಂಜೆ ಕುಳಿತು ನುಡಿಯಲ್ಲಿ ಬೆರಳಚ್ಚು ಮಾಡಿದ್ದರು. ಒಂದೊಂದು ಹೊಲದ ಹೆಸರು, ಕೆರೆಯ ತೂಬಿನಿಂದ ಯಾವ ಕಾಲುವೆ ಯಾವ ಗದ್ದೆಗೆ ಹರಿಯುತ್ತಿದ್ದಿತು, ಯಾವ ಮನೆಯವರ ಕಣ ಎಲ್ಲಿದ್ದಿತು ಎಂಬುದೆಲ್ಲ ಸೇರಿ ೧೪೦ ಪುಟಗಳು. ಕಾಗದದ ಮೇಲೆ ಇಳಿದಿದ್ದುದು ಮೊದಲ ೨೦ ಪುಟಗಳು ಮಾತ್ರ.

ಯಂತ್ರವನ್ನು ಒಂದು ರಿಪೇರಿ ಅಂಗಡಿಗೆ ಕೊಂಡುಹೋದೆವು. ‘ಫಾರ್ಮ್ಯಾಟ್ ಮಾಡಬೇಕು’ ಎಂದರು. ಆ ಮಾತಿನ ಅರ್ಥವನ್ನು ಕೇಳಿ ತಿಳಿಯದೆ ನಾವು ತಲೆಯಾಡಿಸಿದೆವು. ಸಂಜೆಗೆ ಯಂತ್ರವು ಹೊಸದಾಗಿ ಬಂದಿತು. ಒಳಗೆ ಏನೂ ಇರಲಿಲ್ಲ.

ತಂದೆಯವರು ಯಾರನ್ನೂ ಬೈಯಲಿಲ್ಲ. ಒಂದು ವಾರ ಸುಮ್ಮನಿದ್ದು, ಎಂಟನೆಯ ದಿನ ಒಂದು ಗೆರೆಯ ನೋಟುಪುಸ್ತಕವನ್ನು ತರಿಸಿಕೊಂಡು ಮೊದಲಿನಿಂದ ಕೈಯಲ್ಲಿ ಬರೆಯತೊಡಗಿದರು. ಅರ್ಧದಷ್ಟು ಹೆಸರುಗಳು ಮಾತ್ರ ನೆನಪಿಗೆ ಬಂದುವು. ಅವರಿಗೆ ಅವನ್ನು ಹೇಳಿದ್ದ ಹಿರಿಯರು ಆ ವೇಳೆಗೆ ತೀರಿಕೊಂಡಿದ್ದರು.

ಕೆಲವು ತಿಂಗಳ ಮೇಲೆ ನಮಗೆ ತಿಳಿದು ಬಂದ ಸಂಗತಿ ಇನ್ನೂ ಕಹಿಯಾದುದು. ಆ ದಿನ ಯಂತ್ರದಲ್ಲಿ ಬರಹವು ಸುರಕ್ಷಿತವಾಗಿಯೇ ಇದ್ದಿತು. ಕೆಟ್ಟಿದ್ದುದು ಬಾಗಿಲು ಮಾತ್ರ. ವಿಂಡೋಸಿನ ಮೂಲ ಸಿ.ಡಿ.ಯನ್ನು ಹಾಕಿ ‘ಫಿಕ್ಸ್ ಎಂ.ಬಿ.ಆರ್.’ ಎಂಬ ಒಂದು ಆಜ್ಞೆಯನ್ನು ಕೊಟ್ಟಿದ್ದರೆ ಬಾಗಿಲು ಮತ್ತೆ ನಿಲ್ಲುತ್ತಿದ್ದಿತು. ಐದು ನಿಮಿಷದ ಕೆಲಸ.

ದ್ವಾರಪಾಲಕನ ಕೆಲಸ

ಬಾಗಿಲು ಎಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕಂಪ್ಯೂಟರಿಗೆ ವಿದ್ಯುತ್ತು ಬಂದೊಡನೆ ವಿಂಡೋಸಾಗಲಿ ಲಿನಕ್ಸಾಗಲಿ ತಾನಾಗಿ ಏಳುವುದಿಲ್ಲ. ಮೊದಲು ಎಚ್ಚರಗೊಳ್ಳುವುದು ಯಂತ್ರದ ಮುಖ್ಯ ಹಲಗೆಯ ಮೇಲಿನ ಒಂದು ಚಿಪ್ಪಿನಲ್ಲಿರುವ ಮೂಲ ತಂತ್ರಾಂಶ. ಅದು ಡಿಸ್ಕಿನಲ್ಲಿರುವ ಒಬ್ಬ ಸಣ್ಣ ದ್ವಾರಪಾಲಕನನ್ನು ಎಬ್ಬಿಸುವುದು; ಆ ದ್ವಾರಪಾಲಕನು ಒಳಗಿನ ಯಜಮಾನನನ್ನು ಎಬ್ಬಿಸುವನು. ಈ ದ್ವಾರಪಾಲಕನಿಗೆ ಬೂಟ್‌ಲೋಡರ್ ಎಂದು ಹೆಸರು. ವಿಂಡೋಸಿನ ದ್ವಾರಪಾಲಕನು ವಿಂಡೋಸ್ ಬೂಟ್ ಮ್ಯಾನೇಜರ್. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಗ್ರಬ್.

ಹಳೆಯ ಯಂತ್ರಗಳಲ್ಲಿ ಮೂಲ ತಂತ್ರಾಂಶವು ಬಯಾಸ್ ಎಂಬ ಬಗೆಯದು. ಅದು ಡಿಸ್ಕಿನ ಮೊಟ್ಟಮೊದಲ ೫೧೨ ಬೈಟುಗಳನ್ನು ಓದಿ ಅಲ್ಲಿರುವವನಿಗೆ ಕೆಲಸವನ್ನು ಒಪ್ಪಿಸುವುದು. ಆ ೫೧೨ರಲ್ಲಿ ದ್ವಾರಪಾಲಕನಿಗೆ ದೊರೆಯುವುದು ೪೪೬ ಬೈಟು. ಉಳಿದುದರಲ್ಲಿ ಡಿಸ್ಕಿನ ಭಾಗಗಳ ಪಟ್ಟಿಯೂ ಒಂದು ಗುರುತೂ ಇರುವುವು. ಅಷ್ಟು ಇಕ್ಕಟ್ಟಿನಲ್ಲಿ ಒಬ್ಬನೇ ನಿಲ್ಲಬಲ್ಲನು. ಗ್ರಬ್ ಬಂದರೆ ಹಳಬನು ಹೊರಟನೆಂದೇ ಅರ್ಥ. ಗ್ರಬ್ಬಿನ ಉಳಿದ ಸಾಮಾನುಗಳಾದರೋ ಲಿನಕ್ಸಿನ ಭಾಗದಲ್ಲಿರುವುವು. ಆ ಭಾಗವನ್ನು ಅಳಿಸಿದರೆ ಹೊಸಬನಿಗೂ ದಿಕ್ಕಿಲ್ಲ. ೨೦೧೧ರಲ್ಲಿ ನಮ್ಮ ಮನೆಯಲ್ಲಿ ನಡೆದುದು ಇದೇ.

೨೦೧೨ರಲ್ಲಿ ವಿಂಡೋಸ್ ೮ ಬಂದಂದಿನಿಂದ ಮಾರಾಟವಾದ ಯಂತ್ರಗಳಲ್ಲಿ ಹೆಚ್ಚಾಗಿ ಯು.ಇ.ಎಫ್.ಐ. ಎಂಬ ಹೊಸ ಬಗೆಯ ಮೂಲ ತಂತ್ರಾಂಶವಿರುವುದು. ಇದಕ್ಕಾಗಿ ಡಿಸ್ಕಿನಲ್ಲಿ ಒಂದು ಸಣ್ಣ ಭಾಗವನ್ನೇ ಮೀಸಲಿಟ್ಟಿರುವರು. ಅದರಲ್ಲಿ ಒಬ್ಬೊಬ್ಬ ದ್ವಾರಪಾಲಕನಿಗೂ ಒಂದೊಂದು ಕೊಠಡಿ. ಮೈಕ್ರೋಸಾಫ್ಟ್ ಎಂಬ ಹೆಸರಿನ ಕೊಠಡಿಯಲ್ಲಿ ಹಳಬನು. ಉಬುಂಟು ಎಂಬ ಹೆಸರಿನದರಲ್ಲಿ ಹೊಸಬನು. ಯಾರನ್ನು ಮೊದಲು ಕರೆಯಬೇಕೆಂಬ ಸರದಿಯ ಪಟ್ಟಿಯನ್ನು ಯಂತ್ರವು ತನ್ನ ಚಿಪ್ಪಿನಲ್ಲಿ ಬರೆದಿಟ್ಟುಕೊಳ್ಳುವುದು. ಇಲ್ಲಿ ಒಬ್ಬನು ಬರಲು ಇನ್ನೊಬ್ಬನು ಹೊರಡಬೇಕಾಗಿಲ್ಲ. ಹೊರಗಿನ ಮೆಟ್ಟಿಲೆಂದು ನಾವು ಹೇಳಿದುದು ಇದನ್ನೇ.

ತಮ್ಮ ಯಂತ್ರವು ಯಾವ ಬಗೆಯದೆಂದು ತಿಳಿಯಲು ವಿಂಡೋಸಿನಲ್ಲಿ ‘ಸಿಸ್ಟಮ್ ಇನ್ಫರ್ಮೇಶನ್’ ಎಂಬುದನ್ನು ತೆರೆದು ‘ಬಯಾಸ್ ಮೋಡ್’ ಎಂಬ ಸಾಲನ್ನು ನೋಡಬೇಕು. ಅಲ್ಲಿ ಯು.ಇ.ಎಫ್.ಐ. ಎಂದಿದ್ದರೆ ಮುಂದಿನ ಕ್ರಮವು ಹೊಂದುವುದು. ‘ಲೆಗಸಿ’ ಎಂದಿದ್ದು ಯಂತ್ರವು ಮೇಜಿನ ಮೇಲಿನದಾದರೆ, ಎರಡನೆಯ ಡಿಸ್ಕೊಂದನ್ನು ಕೊಂಡು, ಹಳೆಯ ಡಿಸ್ಕಿನ ತಂತಿಯನ್ನು ಬಿಚ್ಚಿಟ್ಟು, ಹೊಸದರಲ್ಲಿ ಲಿನಕ್ಸನ್ನು ಹಾಕಿ, ಆಮೇಲೆ ಹಳೆಯದನ್ನು ಜೋಡಿಸುವುದು ಅತ್ಯಂತ ನಿರಪಾಯಕರ. ಕಾಣದ ಡಿಸ್ಕಿನ ಮೇಲೆ ಯಾರೂ ಬರೆಯಲಾರರು.

ಮುನ್ನೆಚ್ಚರಿಕೆಗಳು

ಒಂದನೆಯದು: ಮನೆಯ ಫೋಟೋ, ಲೆಕ್ಕ, ಬರಹ ಎಲ್ಲವನ್ನೂ ಹೊರಗಿನ ಒಂದು ಡಿಸ್ಕಿಗೆ ಪ್ರತಿಮಾಡಿಕೊಳ್ಳಬೇಕು. ಪ್ರತಿಯಾಯಿತೆಂದು ಬಿಡದೆ, ಅವುಗಳಲ್ಲಿ ಕೆಲವನ್ನಾದರೂ ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ತೆರೆಯದ ಪ್ರತಿಯು ಪ್ರತಿಯಲ್ಲ.

ಎರಡನೆಯದು: ವಿಂಡೋಸೇ ಒದಗಿಸುವ ‘ರಿಕವರಿ ಡ್ರೈವ್’ ಎಂಬುದನ್ನು ಒಂದು ಪೆನ್ ಡ್ರೈವಿನಲ್ಲಿ ಮಾಡಿಟ್ಟುಕೊಳ್ಳಬೇಕು. ಬಾಗಿಲು ಕೆಟ್ಟರೆ ಅದೇ ಬಡಗಿ.

ಮೂರನೆಯದು: ಕೆಲವು ಯಂತ್ರಗಳು ಡಿಸ್ಕನ್ನು ಬಿಟ್‌ಲಾಕರ್ ಎಂಬ ಗುಪ್ತಲಿಪಿಯಲ್ಲಿ ಇರಿಸಿರುವುವು, ಎಷ್ಟೋ ಗೃಹಸ್ಥರಿಗೆ ಇದು ಗೊತ್ತೇ ಇರುವುದಿಲ್ಲ. ಸೆಟ್ಟಿಂಗ್ಸಿನಲ್ಲಿ ಪರೀಕ್ಷಿಸಿ, ಅದರ ೪೮ ಅಂಕೆಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದು ಕಪಾಟಿನಲ್ಲಿಡಬೇಕು. ಕೆಲಸ ಮುಗಿಯುವವರೆಗೆ ಆ ಗುಪ್ತಲಿಪಿಯನ್ನು ತೆಗೆಸಿಟ್ಟಿರುವುದು ಒಳ್ಳೆಯದು.

ನಾಲ್ಕನೆಯದು: ‘ಫಾಸ್ಟ್ ಸ್ಟಾರ್ಟಪ್’ ಎಂಬುದನ್ನು ಆರಿಸಬೇಕು. ಇದು ಚಾಲನೆಯಲ್ಲಿದ್ದರೆ ವಿಂಡೋಸು ಮುಚ್ಚಿದಂತೆ ಕಂಡರೂ ಅರೆನಿದ್ದೆಯಲ್ಲಿರುವುದು. ಅರೆನಿದ್ದೆಯಲ್ಲಿರುವವನ ಡಿಸ್ಕಿನ ಮೇಲೆ ಮತ್ತೊಬ್ಬನು ಬರೆದರೆ ಕಡತಗಳು ಕೆಡುವ ಸಂಭವವುಂಟು.

ಐದನೆಯದು: ಜಾಗವನ್ನು ಬಿಡಿಸುವ ಕೆಲಸವನ್ನು ವಿಂಡೋಸಿನ ಕೈಯಿಂದಲೇ ಮಾಡಿಸಬೇಕು. ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಎಂಬಲ್ಲಿ ಸಿ ಭಾಗವನ್ನು ಆರಿಸಿ ‘ಶ್ರಿಂಕ್ ವಾಲ್ಯೂಮ್’ ಎಂದರೆ ಅದು ತನ್ನ ಅಂಗಳವನ್ನು ತಾನೇ ಕುಗ್ಗಿಸಿಕೊಳ್ಳುವುದು. ಉಬುಂಟುವಿಗೆ ೨೫ ಜಿ.ಬಿ. ಬೇಕೆನ್ನುವರು, ನಾವು ೫೦ ಬಿಟ್ಟೆವು. ಬಿಟ್ಟ ಜಾಗವನ್ನು ಹಾಗೆಯೇ ಖಾಲಿ ಬಿಡತಕ್ಕದ್ದು.

ಹೊಸ ಒಕ್ಕಲಿನ ಪ್ರವೇಶ

ಉಬುಂಟುವಿನ ೨೦೨೪ರ ಏಪ್ರಿಲ್ ಆವೃತ್ತಿಯನ್ನು ಅದರ ಸ್ವಂತ ತಾಣದಿಂದ ಇಳಿಸಿಕೊಂಡು, ರುಫಸ್ ಎಂಬ ಸಾಧನದಿಂದ ೮ ಜಿ.ಬಿ.ಯ ಪೆನ್ ಡ್ರೈವಿನ ಮೇಲೆ ಬರೆದೆವು. ಪೆನ್ ಡ್ರೈವಿನಲ್ಲಿ ಮುಂಚೆ ಇದ್ದುದೆಲ್ಲ ಅಳಿಸಿಹೋಗುವುದೆಂಬುದನ್ನು ಮರೆಯಬಾರದು. ಅನಂತರ ಯಂತ್ರವನ್ನು ಅದರಿಂದ ಎಬ್ಬಿಸಿ, ಹಾಕುವುದಕ್ಕೆ ಮುನ್ನ ‘ಟ್ರೈ’ ಎಂಬುದನ್ನು ಆರಿಸಿದೆವು. ಹೀಗೆ ಮಾಡಿದರೆ ಡಿಸ್ಕನ್ನು ಮುಟ್ಟದೆ ಹೊಸ ವ್ಯವಸ್ಥೆಯು ಪೆನ್ ಡ್ರೈವಿನಿಂದಲೇ ನಡೆಯುವುದು. ವೈಫೈ ಹಿಡಿಯುವುದೆ, ಧ್ವನಿ ಬರುವುದೆ, ಪ್ರಿಂಟರು ಒಪ್ಪುವುದೆ ಎಂದು ಒಂದು ದಿನ ಸಾವಕಾಶವಾಗಿ ನೋಡಿದೆವು. ಕನ್ನಡದ ಅಕ್ಷರಗಳು ಚೆನ್ನಾಗಿ ಮೂಡಿದುವು. ಕೀಲಿಮಣೆಯ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಇದ್ದುದರಿಂದ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಕಷ್ಟವಾಗಲಿಲ್ಲ.

ಹಾಕುವಾಗ ಒಂದು ಕವಲುದಾರಿ ಬರುವುದು. ‘ಇನ್‌ಸ್ಟಾಲ್ ಅಲಾಂಗ್‌ಸೈಡ್’ ಎಂದರೆ ಹಳೆಯದರ ಪಕ್ಕದಲ್ಲಿ ಇರಿಸು ಎಂದರ್ಥ. ‘ಎರೇಸ್ ಡಿಸ್ಕ್’ ಎಂದರೆ ಮನೆಯನ್ನೇ ಕೆಡವು ಎಂದರ್ಥ. ಮೊದಲನೆಯದನ್ನೇ ಆರಿಸತಕ್ಕದ್ದು. ಮೊದಲನೆಯದು ಪಟ್ಟಿಯಲ್ಲಿ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ಕಾರಣವನ್ನು ತಿಳಿದ ಮೇಲೆ ಮುಂದುವರಿಯಬೇಕು. ಕಣ್ಣು ಮಂಜಾದ ರಾತ್ರಿಯ ಹೊತ್ತಿನಲ್ಲಿ ಈ ಕೆಲಸವನ್ನು ಮಾಡಬಾರದೆಂದು ನಮ್ಮ ಸಲಹೆ.

ಮೊದಲ ಸ್ಥಾನ ಯಾರಿಗೆ?

ಹಾಕಿ ಮುಗಿದ ಮೇಲೆ ಲಿನಕ್ಸು ಸರದಿಯ ಪಟ್ಟಿಯಲ್ಲಿ ತನ್ನ ಹೆಸರನ್ನು ಮೊದಲು ಬರೆದುಕೊಳ್ಳುವುದು. ಅನೇಕರು ಇದನ್ನು ಹಾಗೆಯೇ ಬಿಡುವರು. ನಾವು ಬಿಡಲಿಲ್ಲ. ಯಂತ್ರವನ್ನು ಹೊತ್ತಿಸಿದೊಡನೆ ಎಫ್ ೨ ಅಥವಾ ಡಿಲೀಟ್ ಕೀಲಿಯನ್ನು ಒತ್ತಿದರೆ, ಹಲವು ಯಂತ್ರಗಳಲ್ಲಿ ಮೂಲ ತಂತ್ರಾಂಶದ ಪುಟವು ತೆರೆಯುವುದು. ಅಲ್ಲಿ ‘ಬೂಟ್ ಆರ್ಡರ್’ ಎಂಬುದರಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮತ್ತೆ ಮೇಲಕ್ಕೆ ತಂದಿರಿಸಿ ಉಳಿಸಿದೆವು. ಇಷ್ಟಾದ ಮೇಲೆ ಯಂತ್ರವು ಎಂದಿನಂತೆಯೇ ಏಳುವುದು. ಹೊಸ ಒಕ್ಕಲು ಬಂದಿದೆಯೆಂದು ನೋಡಿದವರಿಗೆ ತಿಳಿಯದು.

ಲಿನಕ್ಸು ಬೇಕಾದಾಗ ಹೊತ್ತಿಸಿದೊಡನೆ ಆಯ್ಕೆಯ ಕೀಲಿಯನ್ನು ಒತ್ತಬೇಕು. ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಅದು ಸಾಮಾನ್ಯವಾಗಿ ಎಫ್ ೧೨, ಎಚ್.ಪಿ.ಯಲ್ಲಿ ಎಫ್ ೯. ಕೀಲಿಯನ್ನು ಒತ್ತುವ ಸಮಯವು ತಪ್ಪಿಹೋಗುವುದೆನ್ನುವವರು ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ರಿಕವರಿ, ಅದರಲ್ಲಿ ‘ಅಡ್ವಾನ್ಸ್‌ಡ್ ಸ್ಟಾರ್ಟಪ್’, ಅದರಲ್ಲಿ ‘ಯೂಸ್ ಎ ಡಿವೈಸ್’ ಎಂದು ಹೋದರೆ ಅಲ್ಲಿಯೂ ಉಬುಂಟುವಿನ ಹೆಸರು ಸಿಕ್ಕುವುದು.

ಹೀಗೆ ಹಳಬನಿಗೆ ಮೊದಲ ಸ್ಥಾನ ಕೊಡುವುದರಿಂದ ಮೂರು ಲಾಭಗಳುಂಟು. ಯಂತ್ರವು ಒಬ್ಬರ ಸೊತ್ತಲ್ಲ. ಮನೆಯ ಹಿರಿಯರು ಅರಿಯದ ಪಟ್ಟಿಯೊಂದರ ಮುಂದೆ ಕೈಕಟ್ಟಿ ಕೂರಬೇಕಾಗಿಲ್ಲ. ಬಿಟ್‌ಲಾಕರನ್ನು ಮತ್ತೆ ಹಾಕಿಕೊಂಡವರಲ್ಲಿ, ಗ್ರಬ್ಬಿನ ಮೂಲಕ ವಿಂಡೋಸಿಗೆ ಹೋದರೆ ಅದು ಸಂಶಯಪಟ್ಟು ಆ ೪೮ ಅಂಕೆಗಳನ್ನು ಕೇಳುವುದುಂಟು. ನೇರವಾಗಿ ಹೋದರೆ ಆ ತೊಂದರೆಯಿಲ್ಲ. ಮೂರನೆಯದಾಗಿ, ಲಿನಕ್ಸಿಗೆ ಏನಾದರೂ ಆದರೆ ಮನೆಯ ಕೆಲಸ ನಿಲ್ಲುವುದಿಲ್ಲ. ೨೦೨೪ರ ಆಗಸ್ಟ್ ೧೩ರಂದು ಬಂದ ವಿಂಡೋಸಿನ ಒಂದು ರಕ್ಷಣಾ ಪರಿಷ್ಕರಣದ ತರುವಾಯ, ಎರಡು ವ್ಯವಸ್ಥೆಗಳಿದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸು ಏಳದೆ ಹೋಯಿತು. ಅಂಥ ದಿನ, ಲಿನಕ್ಸಿಗೆ ಮೊದಲ ಸ್ಥಾನ ಕೊಟ್ಟವರಿಗೆ ಯಂತ್ರವೇ ಕೆಟ್ಟಂತೆ ತೋರುವುದು. ವಿಂಡೋಸಿಗೆ ಕೊಟ್ಟವರ ಮನೆಯಲ್ಲಿ ಯಂತ್ರವು ಎಂದಿನಂತೆ ತೆರೆದುಕೊಳ್ಳುವುದು.

ಮುಂದೆ ಬರುವ ಸಣ್ಣ ತೊಡಕುಗಳು

ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಗಡಿಯಾರವು ಐದೂವರೆ ಗಂಟೆ ಹಿಂದಿರುವುದನ್ನು ಕೆಲವರು ಕಂಡು ಗಾಬರಿಗೊಳ್ಳುವರು. ಯಂತ್ರದೊಳಗಿನ ಗಡಿಯಾರದಲ್ಲಿರುವುದು ಊರಿನ ಸಮಯವೆಂದು ವಿಂಡೋಸು ತಿಳಿಯುವುದು. ಲೋಕಮಾನ್ಯವಾದ ಗ್ರೀನಿಚ್ಚಿನ ಸಮಯವೆಂದು ಲಿನಕ್ಸು ತಿಳಿಯುವುದು. ನಮ್ಮ ದೇಶಕ್ಕೂ ಅದಕ್ಕೂ ಇರುವ ಅಂತರವೇ ಆ ಐದೂವರೆ ಗಂಟೆ. ಊರಿನ ಸಮಯವನ್ನೇ ಅನುಸರಿಸೆಂದು ಲಿನಕ್ಸಿಗೆ ಒಮ್ಮೆ ಹೇಳಿದರೆ ಸರಿಹೋಗುವುದು.

ರಕ್ಷಣೆ ಮುಗಿದ ವಿಂಡೋಸ್ ೧೦ರಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಯುಕ್ತವಲ್ಲ. ನಮ್ಮ ಮನೆಯಲ್ಲಿ ಬ್ಯಾಂಕು, ಪತ್ರವ್ಯವಹಾರ, ಮಗಳ ಓದು ಇವೆಲ್ಲ ಲಿನಕ್ಸಿನಲ್ಲಿ ನಡೆಯುವುವು. ನುಡಿಯ ಕಡತಗಳೂ ಹಳೆಯ ಲೆಕ್ಕವೂ ವಿಂಡೋಸಿನಲ್ಲಿರುವುವು. ಅಲ್ಲಿಗೆ ವೈಫೈಯನ್ನು ಕೊಟ್ಟಿಲ್ಲ.

ಒಂದು ವೇಳೆ ಲಿನಕ್ಸು ಬೇಡವಾದರೆ? ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಲಿನಕ್ಸಿನ ಭಾಗವನ್ನು ಮಾತ್ರ ಗುರುತಿಸಿ ಅಳಿಸಿ, ಆ ಜಾಗವನ್ನು ಸಿ ಭಾಗಕ್ಕೆ ಸೇರಿಸಿಕೊಂಡರಾಯಿತು. ಮೀಸಲು ಭಾಗದಲ್ಲಿ ಉಬುಂಟುವಿನ ಸಣ್ಣ ಕೊಠಡಿಯೊಂದು ಉಳಿದಿರುವುದು. ಅದರಿಂದ ಯಾವ ಬಾಧಕವೂ ಇಲ್ಲ. ಆದರೆ ಆ ಮೀಸಲು ಭಾಗವನ್ನೇ ಅಳಿಸಬಾರದು. ಹಳಬನೂ ಅಲ್ಲಿಯೇ ಇರುವನಷ್ಟೆ. ೨೦೧೧ರಲ್ಲಿ ನಮ್ಮ ಬಾಗಿಲನ್ನು ಮುರಿದ ಕೆಲಸವು ಇಂದು ಹೀಗೆ ನಿರಪಾಯವಾಗಿ ಮುಗಿಯುವುದು.

ಕಡೆಯ ಮಾತು

೨೦೨೫ರ ನವೆಂಬರಿನಲ್ಲಿ ನಮ್ಮ ಮಗಳು ಈ ಪ್ರಸ್ತಾಪವನ್ನು ತಂದಾಗ ನಾವು ಒಡನೆ ಒಪ್ಪಲಿಲ್ಲ. ತಂದೆಯವರನ್ನು ಕೇಳಿಕೊಂಡು ಬಾ ಎಂದೆವು. ಅವರಿಗೀಗ ೮೪ ವರುಷ. ಮೊಮ್ಮಗಳ ಮಾತನ್ನು ಪೂರಾ ಕೇಳಿ ಅವರು ಹೇಳಿದುದು ಇಷ್ಟು: “ಬಾಗಿಲು ಮಾತ್ರ ನನಗೆ ಗೊತ್ತಿರೋದೇ ಇರಲಮ್ಮ. ಪಕ್ಕದಲ್ಲಿ ಯಾರನ್ನು ಬೇಕಾದರೂ ಇಟ್ಟುಕೊಳ್ಳಿ.”

ಈ ಲೇಖನದಲ್ಲಿ ನಾವು ವಿಸ್ತರಿಸಿ ಹೇಳಿದುದೆಲ್ಲ ಆ ಮಾತಿನೊಳಗೆ ಅಡಗಿದೆ. ಹೊಸದನ್ನು ಪರೀಕ್ಷಿಸುವ ಧೈರ್ಯವು ಹಿಂದಿರುಗುವ ದಾರಿ ತೆರೆದಿದ್ದಾಗಲೇ ಬರುವುದು. ಆ ದಾರಿಯನ್ನು ಮೊದಲು ಭದ್ರಪಡಿಸಿಕೊಂಡವರಿಗೆ ಹೊಸ ಒಕ್ಕಲಿನಿಂದ ಲಾಭವೇ ಹೊರತು ನಷ್ಟವಿಲ್ಲ.

ಈಗ ಸಂಜೆಯ ಹೊತ್ತು ಮಗಳು ಎಫ್ ೧೨ ಒತ್ತಿ ತನ್ನ ಲಿನಕ್ಸನ್ನು ತೆರೆದು, ಅಜ್ಜನ ಗೆರೆಯ ನೋಟುಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ಎಲ್ಲೆಡೆಯೂ ಓದಬರುವ ಯೂನಿಕೋಡ್ ಅಕ್ಷರಗಳಲ್ಲಿ ಅದನ್ನು ಬೆರಳಚ್ಚು ಮಾಡುತ್ತಿದ್ದಾಳೆ. ಪ್ರತಿ ಭಾನುವಾರ ಅದರ ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿಯೂ ಕಾಗದದ ಮೇಲೂ ಇಳಿಸಿಕೊಳ್ಳುತ್ತೇವೆ. ಮೊನ್ನೆ ಅವಳು ಓದಿ ಹೇಳುತ್ತಿದ್ದಾಗ, ಮರೆತಿದ್ದ ಹೊಲಗಳಲ್ಲಿ ಎರಡರ ಹೆಸರು ತಂದೆಯವರಿಗೆ ನೆನಪಾಯಿತು. ಅವನ್ನೂ ಸೇರಿಸಿದ್ದಾಳೆ.